ಎರಡು ಚಂದ್ರನ ಅಚ್ಚು

ಹರಿಹರದ ಸೇತುವೆಯ ಮೇಲೆ ನಿಂತು ಹೊಳೆ ಬರುವ ದಿಕ್ಕಿಗೆ ಕಣ್ಣು ಹಾಯಿಸಿದರೆ ನೀರಿನ ನಟ್ಟನಡುವೆ ಒಂದು ಸಣ್ಣ ಗಡ್ಡೆ ಕಾಣುತ್ತದೆ. ಏಳು ಮನೆ, ಎರಡು ಬೇವಿನ ಮರ, ಒಂದು ಕೈಪಂಪು, ಎಣಿಸಲು ಹೋದವರ ಕೈಗೆ ಸಿಗದಷ್ಟು ಕೋಳಿಗಳು. ಅದಕ್ಕೊಂದು ಹೆಸರಿಡುವ ಗೋಜಿಗೂ ಯಾರೂ ಹೋಗಿಲ್ಲ; ಬರೀ ‘ಗಡ್ಡೆ’ ಅಂದರೆ ಸಾಕು. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಹೆಜ್ಜೆಯಿಟ್ಟು ದಾಟಬಹುದು. ಮಳೆಗಾಲದಲ್ಲಿ ಅಜ್ಜಪ್ಪನ ಹರಿಗೋಲೊಂದೇ ದಾರಿ. ಆ ಅಜ್ಜಪ್ಪನೋ, ಬಾಯಿಯ ಎಲೆಅಡಿಕೆ ಮುಗಿಯುವವರೆಗೆ ಹುಟ್ಟು ಮುಟ್ಟುವ ಮನುಷ್ಯನಲ್ಲ.

ಇಂಥ ಜಾಗದಲ್ಲಿ ಕೂತು ಶಾಹಿಸ್ತಾ ಬೆಳ್ಳಿಯ ಒಡವೆ ಮಾಡುತ್ತಾಳೆ. ದಾವಣಗೆರೆಯ ಹೆಂಗಸರು ಬಸ್ಸು ಹತ್ತಿ, ಹರಿಗೋಲು ಹತ್ತಿ, ಸೀರೆಯ ನೆರಿಗೆ ಒದ್ದೆ ಮಾಡಿಕೊಂಡು ಆಕೆಯ ಬಾಗಿಲಿಗೆ ಬರುತ್ತಾರೆ ಅಂದರೆ ಅದು ಸುಮ್ಮನೆ ಆದದ್ದಲ್ಲ. ಹೊಳೆ ದಾಟಿ ಬಂದವರಿಗೆ ಆಕೆ ಮೊದಲು ಚಹಾ ಕೊಡುತ್ತಾಳೆ, ಆಮೇಲೆ ಕೂರಿಸಿಕೊಂಡು ಬೈಯುತ್ತಾಳೆ. “ಕಿವಿ ತೂತು ಹಿಂಗೆ ಹರಿಯೋಹಂಗ ಭಾರ ಹಾಕ್ಕೊಂಡೀರಲ್ರಿ, ನಿಮ್ಮ ಕಿವಿ ಅಲ್ಲೇನು ಇದು?” ಅಂತ. ಬೈಸಿಕೊಂಡವರು ಮುಂದಿನ ತಿಂಗಳು ನಾದಿನಿಯನ್ನೂ ಕರೆತರುತ್ತಾರೆ.

ಈ ಮನೆಯವರಿಗೆ ಊರಲ್ಲಿ ‘ಅಚ್ಚಿನ ಸಾಬರು’ ಅಂತಲೇ ಹೆಸರು. ಅಚ್ಚೆಂದರೆ ಅಂಗೈಯಷ್ಟು ಅಗಲದ ಕಂಚಿನ ಗಟ್ಟಿ. ಅದರ ಮೈಯಲ್ಲಿ ಲಕ್ಷ್ಮಿಯ ಮುಖವೋ, ಹೂವೋ, ಮಾವಿನಕಾಯಿಯೋ ಗುಳಿಯಾಗಿ ಕೆತ್ತಿರುತ್ತದೆ. ಗುಳಿಯ ಮೇಲೆ ಬೆಳ್ಳಿಯ ತಗಡು, ತಗಡಿನ ಮೇಲೆ ಸೀಸದ ತುಂಡು ಇಟ್ಟು ಸುತ್ತಿಗೆಯಿಂದ ಹೊಡೆದರೆ ತಗಡು ಗುಳಿಗಿಳಿದು ಮುಖವಾಗಿ ಏಳುತ್ತದೆ. ಅಚ್ಚಿನಲ್ಲಿ ಎಡಕ್ಕಿದ್ದದ್ದು ಒಡವೆಯಲ್ಲಿ ಬಲಕ್ಕೆ ಬರುತ್ತದೆ. ಹಾಗಾಗಿ ಅಚ್ಚು ಕೆತ್ತುವವರು ಎಲ್ಲವನ್ನೂ ತಿರುಗಿಸಿಯೇ ಯೋಚಿಸಬೇಕು. ದಿನವಿಡೀ ಕಂಚು ಕುಟ್ಟುವ ಸದ್ದಿಗೆ ಮೊದಲಿದ್ದ ಓಣಿಯ ಜನ ರೋಸಿಹೋಗಿ ಜಗಳ ತೆಗೆದಾಗ ಶಾಹಿಸ್ತಾಳ ಮುತ್ತಜ್ಜ ಕುಲುಮೆ ಹೊತ್ತುಕೊಂಡು ಈ ಗಡ್ಡೆಗೆ ಬಂದು ನೆಲೆಸಿದನಂತೆ. ಅಲ್ಲಿಂದ ಮೂರು ತಲೆಮಾರು ಸುತ್ತಮುತ್ತಲ ಅಕ್ಕಸಾಲಿಗರಿಗೆಲ್ಲ ಅಚ್ಚು ಕೊಟ್ಟದ್ದು ಇದೇ ಮನೆ.

ಕೆಲವರಿಗೆ ಬಾಯಿ ಸುಮ್ಮನಿರುವುದಿಲ್ಲ. “ನೀವು ಸಾಬರು, ದೇವರ ಮುಖ ಹೆಂಗೆ ಕೆತ್ತುತೀರಿ?” ಎಂದು ಕೇಳಿಯೇ ಕೇಳುತ್ತಾರೆ. ಶಾಹಿಸ್ತಾಳ ಅಪ್ಪ ನಬೀ ಸಾಬರ ಹತ್ತಿರ ಅದಕ್ಕೆ ಉತ್ತರ ಯಾವತ್ತೂ ತಯಾರಿತ್ತು. “ನಮ್ಮಜ್ಜನ ಕಾಲದಿಂದ ಲಕ್ಷ್ಮಿ ಮುಖ ಕೆತ್ತೀವಿ. ಆಕಿ ಎಂದೂ ಕೇಳಿಲ್ಲ. ನೀವ್ಯಾಕ ಕೇಳ್ತೀರಿ?”

ನಬೀ ಸಾಬರ ಅಚ್ಚಿಗೆ ಒಂದು ಗುರುತಿತ್ತು. ಗುಳಿಯ ಅಂಚಿನಲ್ಲಿ ಎಳ್ಳಿನಷ್ಟು ಗಾತ್ರದ ಒಂದು ಬಿದಿಗೆಯ ಚಂದ್ರ. ಅದನ್ನು ಒತ್ತುವ ಉಕ್ಕಿನ ಮೊಹರು ಬೆರಳಿನಷ್ಟುದ್ದ, ಸದಾ ಅವರ ಅಂಗಿಯ ಒಳಜೇಬಿನಲ್ಲಿ. ಆ ಅಚ್ಚಿನಲ್ಲಿ ಹೊಡೆದ ಪ್ರತಿ ಒಡವೆಯ ಅಂಚಿನಲ್ಲೂ ಆ ಚಂದ್ರ ಮೂಡುತ್ತಿತ್ತು. ದಾವಣಗೆರೆಯ ಅಕ್ಕಸಾಲಿಗರು ಒಡವೆಯನ್ನು ಬೆಳಕಿಗೆ ಹಿಡಿದು, ಚಂದ್ರ ಕಂಡರೆ “ನಬೀ ಅಚ್ಚು” ಎಂದು ಮಾತು ಮುಗಿಸುತ್ತಿದ್ದರು.

ಆಮೇಲೆ ಮೆಷಿನ್ನಿನಲ್ಲಿ ಎರಕ ಹೊಯ್ದ ಒಡವೆ ಪೆಟ್ಟಿಗೆಗಟ್ಟಲೆ ಬಂದು ಇಳಿಯಿತು. ಅಚ್ಚು ಕೇಳುವವರಿಲ್ಲವಾದರು. ಒಂದು ದಿನ ನಬೀ ಸಾಬರು ಮನೆಯ ಅಚ್ಚುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಗುಜರಿಗೆ ಹಾಕಲು ಹೊರಟರು. ಆಗ ಶಾಹಿಸ್ತಾಳಿಗೆ ಇಪ್ಪತ್ತಮೂರು ವರ್ಷ, ಮದುವೆಯಾಗಿ ವರ್ಷವಾಗಿತ್ತು. ಅಪ್ಪ ಚಪ್ಪಲಿ ಹುಡುಕುವಷ್ಟರಲ್ಲಿ ಚೀಲದಿಂದ ಮೂರು ಅಚ್ಚು ಎತ್ತಿ ಜೋಳದ ಡಬ್ಬಿಯಲ್ಲಿ ಹೂತಳು. ಚೀಲ ಹಗುರಾದದ್ದು ಅಪ್ಪನಿಗೆ ತಿಳಿಯಲಿಲ್ಲವೆಂದು ಆಕೆ ಇವತ್ತಿಗೂ ನಂಬಿದ್ದಾಳೆ. ಐವತ್ತು ವರ್ಷ ಕಂಚು ತೂಗಿದ ಕೈಗೆ ತಿಳಿಯದೆ ಇರುತ್ತದೆಯೇ, ನೀವೇ ಹೇಳಿ.

ಆ ಮೂರು ಅಚ್ಚಿನಿಂದ ಶುರುವಾದದ್ದು ಇಂದಿಗೆ ಹದಿಮೂರು ವರ್ಷದ ಕೆಲಸ. ಮನೆಅಳಿಯನಾಗಿ ಬಂದ ಆಕೆಯ ಗಂಡ ನಯೀಮ್ ಹರಿಹರದ ವರ್ಕ್‌ಶಾಪೊಂದರಲ್ಲಿ ಲೇತ್ ಮೆಷಿನ್ ಮೇಲಿದ್ದಾನೆ. ಒಮ್ಮೆ ಇಬ್ಬರೂ ಹರಿಹರೇಶ್ವರ ಗುಡಿಯ ಮಂಟಪದಲ್ಲಿ ನೆರಳಿಗೆ ಕೂತಿದ್ದಾಗ ನಯೀಮ್ ಕಂಬ ಸವರಿ, “ಲೇತಿಗೆ ಹಾಕಿ ತಿರುವಿದಂಗ ಐತಲ್ಲ ಇದು” ಎಂದ. ಅಷ್ಟು ಸಾಕಾಯಿತು. ಆ ಕಂಬದ ಬಳೆಬಳೆಯ ಮೈ ಮೂರು ತಿಂಗಳಲ್ಲಿ ಜುಮುಕಿಯಾಗಿ ಹೆಂಗಸರ ಕಿವಿಯಲ್ಲಿ ತೂಗಿತು. ಅಜ್ಜಪ್ಪನ ಹರಿಗೋಲಿನ ಬಿದಿರ ಹೆಣಿಗೆ ಕಡಗವಾಯಿತು. ಅವಲಕ್ಕಿ ಸರ ಎಲ್ಲರಿಗೂ ಗೊತ್ತು; ಶಾಹಿಸ್ತಾ ಮಂಡಕ್ಕಿ ಸರ ಮಾಡಿದಳು, ಒಂದೊಂದು ಕಾಳೂ ಹುರಿದ ಮಂಡಕ್ಕಿಯ ಹಾಗೆಯೇ ಉಬ್ಬಿ, ನಡುವೆ ಸಣ್ಣ ಸೀಳು. ದಾವಣಗೆರೆಯವರಿಗೆ ಅದನ್ನು ಕಂಡರೆ ಮೊದಲು ನಗು, ಆಮೇಲೆ ಆಸೆ. ದೊಡ್ಡ ದೊಡ್ಡ ಶಾಲೆಯಲ್ಲಿ ಓದಿ ಬಂದವರಿಗೂ ಇಂಥ ಕಣ್ಣು ಇರುವುದಿಲ್ಲ, ಹತ್ತನೆಯ ಕ್ಲಾಸು ಓದಿದ ಈ ಹೆಣ್ಣುಮಗಳಿಗೆ ಇದೆ.

ಇಷ್ಟೆಲ್ಲ ಆದರೂ ಒಂದು ಮಾತ್ರ ಆಕೆಗೆ ದಕ್ಕಿರಲಿಲ್ಲ. ಆ ಚಂದ್ರ.

ಹೊಸ ಅಚ್ಚು ಕೆತ್ತಿದಾಗಲೆಲ್ಲ ಶಾಹಿಸ್ತಾ ಅದನ್ನು ಅಪ್ಪನ ಕೈಗೆ ಕೊಡುತ್ತಿದ್ದಳು. ಅವರ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು, ನೋಡುವುದೆಲ್ಲ ಹೆಬ್ಬೆರಳಿನಿಂದಲೇ. ಗುಳಿಯ ಮೇಲೆ ಹೆಬ್ಬೆರಳು ಆಡಿಸಿ, “ಚಲೋ ಐತೆ” ಅನ್ನುತ್ತಿದ್ದರು. ಜೇಬಿಗೆ ಕೈ ಹೋಗುತ್ತಿರಲಿಲ್ಲ. ಬಜಾರಿನಲ್ಲಿ ಯಾರಾದರೂ “ಇದು ನಬೀ ಅಚ್ಚೇನವ್ವ?” ಎಂದು ಕೇಳಿದರೆ “ಅಲ್ರಿ, ನಂದು” ಅನ್ನಬೇಕು. ಗಿರಾಕಿ, ಹೆಸರು, ಹೊಗಳಿಕೆ ಎಲ್ಲ ಸಿಕ್ಕಿತ್ತು. ಆಕೆಗೆ ಬೇಕಿದ್ದದ್ದು ಎಳ್ಳಿನಷ್ಟು ಚಂದ್ರ.

ಹೋದ ವರ್ಷದ ಆಗಸ್ಟಿನಲ್ಲಿ ಅದಕ್ಕೊಂದು ಸಮಯ ಬಂತೆಂದುಕೊಂಡಳು. ದಾವಣಗೆರೆಯ ವಿದ್ಯಾನಗರದಿಂದ ಕಾಲೇಜು ಮೇಡಂ ಭವ್ಯಾ ಬಂದಿದ್ದಳು. ಆಕೆಯ ತಮ್ಮ ಮಾಲತೇಶನ ಮದುವೆ. ಅವರ ಅಜ್ಜಿ ಹಂಪವ್ವನಿಗೆ ಎಂಬತ್ತೆರಡು ವರ್ಷ. ಮನೆತನದ ಹೆಣ್ಣುಮಕ್ಕಳಿಗೆಲ್ಲ ತವರಿನ ನೆನಪಿಗೆ ಒಂದೊಂದು ಪದಕ ಕೊಡಬೇಕೆಂಬುದು ಆ ಅಜ್ಜಿಯ ಹಟ. ಒಟ್ಟು ಇಪ್ಪತ್ತೊಂದು ಪದಕ. ಮನೆದೇವರು ಹರಿಹರೇಶ್ವರ, ಪದಕದಲ್ಲಿ ಅವನದೇ ಮುಖ ಬೇಕು, ಅರ್ಧ ಹರ, ಅರ್ಧ ಹರಿ. ಅರ್ಧ ತಲೆಗೆ ಜಟೆ, ಅರ್ಧ ತಲೆಗೆ ಕಿರೀಟ. ಹುಣಸೆಬೀಜಕ್ಕಿಂತ ಒಂದಿಷ್ಟು ದೊಡ್ಡ ಜಾಗದಲ್ಲಿ ಇಬ್ಬರು ದೇವರನ್ನು ಕೂರಿಸುವುದು ಹುಡುಗಾಟವಲ್ಲ. ಶಾಹಿಸ್ತಾ ಒಪ್ಪಿಕೊಂಡಳು.

ಅದೇ ಹೊತ್ತಿಗೆ ನಬೀ ಸಾಬರ ಒಂದು ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಯಿತು. ಅವರು ದಾವಣಗೆರೆಯ ಸರಸ್ವತಿ ನಗರದಲ್ಲಿದ್ದ ಕಿರಿಮಗಳು ಸಾಯಿಮಾಳ ಮನೆಗೆ ಹೋಗಿ ಹದಿನೈದು ದಿನ ಉಳಿದರು. ಹೆಬ್ಬೆರಳು ಮನೆಯಲ್ಲಿರಲಿಲ್ಲ. ಶಾಹಿಸ್ತಾ ಒಬ್ಬಳೇ ಒಂಬತ್ತು ದಿನ ಕೂತು ಅಚ್ಚು ಕೆತ್ತಿದಳು. ಕೆಲಸ ಎಷ್ಟು ಚೆನ್ನಾಗಿ ಬಂತೆಂದರೆ ಆಕೆಗೆ ತಡೆಯಲಾಗಲಿಲ್ಲ; ಅಪ್ಪ ಬರುವವರೆಗೆ ಕಾಯದೆ ಇಪ್ಪತ್ತೊಂದು ಪದಕವನ್ನೂ ಹೊಡೆದು ಮುಗಿಸಿದಳು. ಭವ್ಯಾಳಿಗೆ ಫೋಟೋ ಕಳಿಸಿದಳು. “ಅಜ್ಜಿ ಕಣ್ಣಿಗೆ ಒತ್ತಿಕೊಂಡ್ರು ಅಕ್ಕ” ಎಂದು ಉತ್ತರ ಬಂತು.

ಗುರುವಾರ ಬೆಳಿಗ್ಗೆ ಅಜ್ಜಪ್ಪನ ಹರಿಗೋಲಿನಲ್ಲಿ ನಬೀ ಸಾಬರು ಕಪ್ಪು ಕನ್ನಡಕ ಹಾಕಿಕೊಂಡು ಬಂದಿಳಿದರು, ಜೊತೆಗೆ ಸಾಯಿಮಾ. ಕಟ್ಟೆಯ ಮೇಲೆ ಕೂತು ನೀರು ಕುಡಿಯುವುದಕ್ಕೂ ಬಿಡದೆ ಶಾಹಿಸ್ತಾ ಅಚ್ಚನ್ನು ಅವರ ಕೈಗಿಟ್ಟಳು. ತಾಯಿ ಹಜೀರಾಬೀ ಒಳಗಿನಿಂದ, “ಮೊದ್ಲು ಊಟ ಮಾಡ್ಲಿ ಬಿಡೇ” ಎಂದಳು. ಕೇಳುವವರು ಯಾರು?

ನಬೀ ಸಾಬರ ಹೆಬ್ಬೆರಳು ಗುಳಿಯೊಳಗೆ ಇಳಿಯಿತು. ಜಟೆ ಸವರಿತು, ಕಿರೀಟ ಸವರಿತು, ಹುಬ್ಬಿನ ಮೇಲೆ ನಿಂತು ಮತ್ತೆ ಹಿಂದಕ್ಕೆ ಬಂತು. ಅವರ ಮುಖ ಅರಳಿದ್ದನ್ನು ಶಾಹಿಸ್ತಾ ನೋಡಿದಳು. ಕೈ ಜೇಬಿನ ಕಡೆಗೆ ಎದ್ದದ್ದನ್ನೂ ನೋಡಿದಳು. ಅದು ಎದೆಯ ಹತ್ತಿರ ಬಂದು ನಿಂತುಬಿಟ್ಟಿತು.

“ಶಿವ ಯಾವ ಕಡೆ ಅದಾನೆ ಬೇಟಿ?”

“ಬಲಕ್ಕೆ, ಅಬ್ಬಾ.”

“ಯಾರ ಬಲಕ್ಕೆ?”

ಶಾಹಿಸ್ತಾ ಒಳಗೆ ಓಡಿ, ಗುಡಿಯಲ್ಲಿ ಚಿತ್ರ ಬರೆದುಕೊಂಡಿದ್ದ ಚೀಟಿ ತಂದಳು. ಗುಡಿಯಲ್ಲಿ ಹರ ಇರುವುದು ಮೂರ್ತಿಯ ಬಲಕ್ಕೆ, ಎದುರು ನಿಂತವರ ಎಡಕ್ಕೆ. ಆಕೆ ಕಂಡಂತೆಯೇ ಬರೆದುಕೊಂಡಿದ್ದಳು. ಚೀಟಿಯ ಮೂಲೆಯಲ್ಲಿ ‘ಹರ ಬಲಕ್ಕೆ’ ಎಂದೂ ಗುರುತು ಹಾಕಿದ್ದಳು. ಮನೆಗೆ ಬಂದು ಅಚ್ಚಿಗೋಸ್ಕರ ಚಿತ್ರವನ್ನು ಒಮ್ಮೆ ತಿರುಗಿಸಿದಳು, ಅದು ಸರಿ. ಆಮೇಲೆ ಚೀಟಿ ಓದಿ, ಚಿತ್ರದಲ್ಲೂ ಹರ ಬಲಕ್ಕೇ ಇರುವುದು ಕಂಡು, ಅಯ್ಯೋ ತಿರುಗಿಸುವುದು ಮರೆತೆನಲ್ಲ ಎಂದು ಇನ್ನೊಮ್ಮೆ ತಿರುಗಿಸಿದಳು. ಬೇರೆ ಯಾರಿಂದಲೂ ಈ ತಪ್ಪು ಆಗುತ್ತಿರಲಿಲ್ಲ. ಎಲ್ಲವನ್ನೂ ತಿರುಗಿಸಿ ನೋಡುವುದೇ ಕಸುಬಾದವರಿಗೆ ಮಾತ್ರ ಎರಡು ಸಲ ತಿರುಗಿಸುವ ಕರ್ಮ. ಇಪ್ಪತ್ತೊಂದು ಪದಕದಲ್ಲೂ ಹರನ ಜಾಗದಲ್ಲಿ ಹರಿ ಕೂತಿದ್ದ.

ನಬೀ ಸಾಬರು ಅಚ್ಚನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟರು. ಬೈಯಲಿಲ್ಲ. ಬೈದಿದ್ದರೆ ಆಕೆಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಸಾಯಿಮಾ ಬುದ್ಧಿವಂತೆ, ಪದಕವೊಂದನ್ನು ಕೊರಳಿಗೆ ಹಿಡಿದು ಗೋಡೆಯ ಕನ್ನಡಿ ಮುಂದೆ ನಿಂತಳು. “ನೋಡಿಲ್ಲಿ ಆಪಾ, ಕನ್ನಡಿಯಾಗೆ ಸರಿಯಾಗೇ ಕಾಣ್ತೈತೆ. ಹಾಕ್ಕೊಂಡಾಕಿ ನೋಡ್ಕೊಳ್ಳೋದು ಕನ್ನಡಿಯಾಗೇ ಅಲ್ಲೇನು? ಇಷ್ಟು ಸಣ್ಣದ್ರಾಗ ಬಲ ಯಾವುದು ಎಡ ಯಾವುದು ಅಂತ ಹುಡುಕೋರು ಯಾರು?”

ಮಾತಿನಲ್ಲಿ ಸುಳ್ಳಿರಲಿಲ್ಲ. ನಾಳೆ ಪದಕ ಕೊಡಬೇಕು, ಭಾನುವಾರ ಮದುವೆ. ಅಂದೇ ಮಧ್ಯಾಹ್ನ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆಂದು ಸುದ್ದಿ ಬಂತು. ಸಂಜೆಗೆ ಹೊಳೆ ಕೆಂಪಾಗಿ ಉಬ್ಬಿತು. ಅಜ್ಜಪ್ಪ ಹರಿಗೋಲನ್ನು ದಂಡೆಗೆ ಎಳೆದು ಬೋರಲು ಹಾಕಿದ. ಆಚೆ ದಡದಲ್ಲಿ ಉಳಿದ ನಯೀಮ್ ಅಣ್ಣನ ಮನೆಗೆ ಹೋಗುತ್ತೇನೆಂದು ಫೋನ್ ಮಾಡಿದ. ತಡವಾಯಿತೆನ್ನಲು ಇದಕ್ಕಿಂತ ಒಳ್ಳೆಯ ನೆಪ ಬೇರೊಂದು ಬೇಕಿರಲಿಲ್ಲ. ಶಾಹಿಸ್ತಾ ಭವ್ಯಾಳಿಗೆ ಫೋನ್ ಹಚ್ಚಿದಳು. ಹೊಳೆಯ ಮಾತೇ ಎತ್ತಲಿಲ್ಲ. “ತಪ್ಪಾಗೈತೆ ಮೇಡಂ, ನಂದೇ ತಪ್ಪು” ಎಂದು ಶುರು ಮಾಡಿ ಎಲ್ಲ ಹೇಳಿದಳು.

“ಅಯ್ಯೋ ಅಕ್ಕ, ಫೋಟೋ ನೋಡಿ ನಮಗೇ ಗೊತ್ತಾಗಿಲ್ಲ. ಕೊಟ್ಟುಬಿಡ್ರಿ, ಯಾರೂ ನೋಡಲ್ಲ” ಎಂದಳು ಭವ್ಯಾ. ಅಷ್ಟರಲ್ಲಿ ಹಂಪವ್ವ ಫೋನು ಕಸಿದುಕೊಂಡಳು.

“ಏನವ್ವ ಶಾಹಿಸ್ತಾ, ಅವರಿಬ್ರಿಗೂ ಜಾಗದ ಜಗಳ ಇಲ್ಲ ಬಿಡು. ನಿನಗ ಹೆಂಗ ಅನ್ನಿಸ್ತೈತೆ, ಅದನ್ನ ಹೇಳು.”

“ನನಗೆ ಊಟ ಸೇರವಲ್ದು ಅಜ್ಜಿ.”

“ಹಂಗಾದ್ರೆ ತಿರುಗಿ ಮಾಡು. ಭಾನುವಾರ ಮುಂಜಾನೆ ಅಕ್ಷತೆಗೆ ಮುಂಚೆ ನನ್ನ ಕೈಗೆ ಬರಬೇಕು. ಈಗ ಹೋಗಿ ಉಣ್ಣು.”

ಉಣ್ಣುವುದೆಲ್ಲಿ ಬಂತು. ಮರುದಿನ ಬೆಳಕು ಹರಿಯುತ್ತಲೇ ಶಾಹಿಸ್ತಾ ಇಪ್ಪತ್ತೊಂದು ಪದಕವನ್ನೂ ಮೂಸೆಗೆ ಹಾಕಿ ಕರಗಿಸಿದಳು. ಅರ್ಧ ಜಟೆ, ಅರ್ಧ ಕಿರೀಟದ ಮುಖಗಳು ಒಂದೊಂದಾಗಿ ಕುಗ್ಗಿ ನೀರಾಗುವುದನ್ನು ಸಾಯಿಮಾ ನೋಡಲಾರದೆ ಎದ್ದು ಹೋದಳು. ಹೊಸ ಅಚ್ಚಿಗೆ ಕಂಚು ತರೋಣವೆಂದರೆ ಹೊಳೆ ಅಡ್ಡ. ಹಳೆಯ ಅಚ್ಚನ್ನೇ ಬೋರಲು ಹಾಕಿ, ಅರಗಿನ ಹಾಸಿನಲ್ಲಿ ಕೂರಿಸಿ, ಅದರ ಬೆನ್ನಿನ ಮೇಲೆ ಮೊದಲ ಉಳಿಪೆಟ್ಟು ಹಾಕಿದಳು.

ಮೊದಲ ಸಲ ದಾರಿ ಹುಡುಕುತ್ತಾ ಕೆತ್ತಿದ್ದಳು, ಅದಕ್ಕೇ ಒಂಬತ್ತು ದಿನ. ಈ ಸಲ ಕೈಗೆ ದಾರಿ ಗೊತ್ತಿತ್ತು. ಆದರೂ ಎರಡು ದಿನದಲ್ಲಿ ಮುಗಿಯುವ ಕೆಲಸವಲ್ಲ ಅದು, ಯಾವ ಕಸುಬುದಾರನನ್ನು ಬೇಕಾದರೂ ಕೇಳಿ. ಹಜೀರಾಬೀ ರೊಟ್ಟಿ ಮುರಿದು ಬಾಯಿಗಿಟ್ಟರೆ ಆಕೆ ಜಗಿಯುತ್ತಲೇ ಕೆತ್ತಿದಳು. ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದು ಒಡೆಯಿತು, ಬಟ್ಟೆ ಸುತ್ತಿಕೊಂಡಳು. ನಬೀ ಸಾಬರು ಎದುರಿಗೇ ಕೂತಿದ್ದರು. ಗಂಟೆಗೊಮ್ಮೆ ಕೈ ಚಾಚುವರು, ಗುಳಿ ಸವರುವರು, “ಮೂಗು ಇನ್ನೊಂದು ಕೂದಲೆಳೆ ಇಳಿಸು” ಅನ್ನುವರು. ಒಂದು ಸಲ, “ಸಾಕು, ಅಲ್ಲಿ ಮುಟ್ಟಬ್ಯಾಡ” ಎಂದರು. ಹನ್ನೆರಡು ವರ್ಷದಲ್ಲಿ ಅಪ್ಪ ಮಗಳು ಇಷ್ಟು ಹೊತ್ತು ಎದುರುಬದುರು ಕೂತದ್ದೇ ಇರಲಿಲ್ಲ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಅಚ್ಚು ಮುಗಿಯಿತು. ನಬೀ ಸಾಬರು ಹೆಬ್ಬೆರಳು ಆಡಿಸಿದರು, ಈ ಸಲ ಬಹಳ ಹೊತ್ತು.

“ಯಾರ ಬಲ?”

“ಸ್ವಾಮಿಯ ಬಲ, ಅಬ್ಬಾ.”

ಅವರ ಕೈ ಒಳಜೇಬಿಗೆ ಹೋಯಿತು. ಉಕ್ಕಿನ ಮೊಹರು ಹೊರಗೆ ಬಂತು. ಶಾಹಿಸ್ತಾಳ ಕಣ್ಣಲ್ಲಿ ನೀರು ತುಂಬಿ ಅಚ್ಚೇ ಮಸುಕಾಯಿತು. ಮೊಹರನ್ನು ತನ್ನ ಕೈಗೆ ಕೊಡುತ್ತಾರೆಂದು ಆಕೆ ಅಂಗೈ ಚಾಚಿದಳು. ಅವರು ಕೊಡಲಿಲ್ಲ.

“ಇದು ನನ್ನ ಕೈಯಾಗೇ ಆಗಬೇಕು” ಎಂದರು.

ಎಡಗೈಯ ಬೆರಳಿನಿಂದ ಗುಳಿಯ ಅಂಚು ಹುಡುಕಿ ಮೊಹರು ನಿಲ್ಲಿಸಿದರು. ಬಲಗೈಯಲ್ಲಿ ಸುತ್ತಿಗೆ. ಒಂದು ಕಾಲಕ್ಕೆ ಆ ಕೈ ಸಾಸಿವೆ ಮೇಲೆ ಹೊಡೆ ಅಂದರೂ ತಪ್ಪದೆ ಹೊಡೆಯುತ್ತಿತ್ತು. ಈಗ ಅದಕ್ಕೆ ಎಪ್ಪತ್ತಾರು ವರ್ಷ. ಸುತ್ತಿಗೆ ಬಿತ್ತು, ಪೆಟ್ಟು ಹಗುರಾಯಿತೆನ್ನಿಸಿ ಅವರು ಇನ್ನೊಮ್ಮೆ ಹೊಡೆದರು. ಎರಡರ ನಡುವೆ ಮೊಹರು ಹಿಡಿದ ಕೈ ನಡುಗಿತ್ತು.

ನಬೀ ಸಾಬರು ಅಂಚಿಗೆ ಬೆರಳಿಟ್ಟು ನೋಡಿದರು. ಒಂದರ ಪಕ್ಕದಲ್ಲಿ ಇನ್ನೊಂದು, ಸೊಟ್ಟಗೆ ವಾಲಿಕೊಂಡು, ಎರಡು ಚಂದ್ರ. ಐವತ್ತು ವರ್ಷದಲ್ಲಿ ನಬೀ ಅಚ್ಚಿನ ಚಂದ್ರ ಒಮ್ಮೆಯೂ ಸೊಟ್ಟಗಾಗಿರಲಿಲ್ಲ.

“ಹಾಳು ಮಾಡಿಬಿಟ್ಟೆ” ಎಂದರು. ಅವರ ದನಿ ಸಣ್ಣದಾಗಿತ್ತು. “ಅಂಚಿನಾಗೆ ಐತೆ, ಅರ ಹಿಡಿದು ತಿಕ್ಕಿದ್ರೆ ಹೋಗ್ತದೆ. ತಿಕ್ಕಿಬಿಡು. ಚಂದ್ರ ಇಲ್ದಿದ್ರೂ ಚಲೋ ಐತೆ ಅಚ್ಚು.”

ತಿಕ್ಕಲು ಅರ್ಧ ಗಂಟೆ ಸಾಕಿತ್ತು, ಹೊತ್ತು ಇನ್ನೂ ಇತ್ತು. ಅರ ಕೈಗೆಟಕುವಲ್ಲೇ ಬಿದ್ದಿತ್ತು. ನಿನ್ನೆ ಬೆಳಿಗ್ಗೆ ಒಂದು ತಪ್ಪಿಗೋಸ್ಕರ ಇಪ್ಪತ್ತೊಂದು ಪದಕ ಕರಗಿಸಿದ ಹೆಣ್ಣುಮಗಳು ಆ ಅರವನ್ನು ಮುಟ್ಟಲಿಲ್ಲ. ಕರಗಿಸಿದ ಬೆಳ್ಳಿಯಿಂದ ಬಡಿದಿಟ್ಟಿದ್ದ ತಗಡನ್ನು ಗುಳಿಯ ಮೇಲಿಟ್ಟಳು, ಸೀಸ ಇಟ್ಟಳು, ಸುತ್ತಿಗೆ ಎತ್ತಿದಳು. ಸದ್ದು ಕೇಳಿ ನಬೀ ಸಾಬರು “ತಿಕ್ಕಿದ್ಯಾ?” ಎಂದರು. ಆಕೆ ಒಂದರ ಮೇಲೊಂದು ಹೊಡೆಯುತ್ತಲೇ ಹೋದಳು. ಸಾಯಿಮಾ ಕೊಂಡಿ ಬೆಸೆದಳು. ಹಜೀರಾಬೀ ಅಂಟುವಾಳದ ನೊರೆಯಲ್ಲಿ ತೊಳೆದು ಹೊಳಪಿಟ್ಟಳು. ಸೂರ್ಯ ಮುಳುಗುವ ಮುಂಚೆ ಇಪ್ಪತ್ತೊಂದು ಪದಕ ಹತ್ತಿಯ ಮೇಲೆ ಸಾಲಾಗಿ ಮಲಗಿದ್ದವು.

ಭಾನುವಾರ ಬೆಳಿಗ್ಗೆ ಹೊಳೆ ಒಂದಿಷ್ಟು ಇಳಿದಿತ್ತು. ಅಜ್ಜಪ್ಪ ನೀರು ನೋಡಿದ, ಶಾಹಿಸ್ತಾಳ ಬಟ್ಟೆ ಸುತ್ತಿದ ಕೈ ನೋಡಿದ, ಬಾಯಿಯ ಎಲೆಅಡಿಕೆ ಉಗುಳಿ ಹುಟ್ಟು ಹಿಡಿದ. ಅವನ ಜನ್ಮದಲ್ಲಿ ಅದೇ ಮೊದಲಿರಬೇಕು.

ದಾವಣಗೆರೆಯ ಮದುವೆ ಮನೆಯಲ್ಲಿ ಹಂಪವ್ವ ಕುರ್ಚಿ ಹಾಕಿಸಿಕೊಂಡು ಬಾಗಿಲಲ್ಲೇ ಕೂತಿದ್ದಳು. ಪದಕ ತೆಗೆದು, ಕಣ್ಣಿನ ಹತ್ತಿರ ಹಿಡಿದು, ಜಟೆ ಯಾವ ಕಡೆ ಕಿರೀಟ ಯಾವ ಕಡೆ ಎಂದು ತನ್ನ ಕೈ ಎತ್ತಿ ಇಳಿಸಿ ತಾಳೆ ನೋಡಿದಳು. ಯಾರೂ ನೋಡುವುದಿಲ್ಲವೆಂದಿದ್ದ ಭವ್ಯಾ ಪಕ್ಕದಲ್ಲಿ ನಾಚಿಕೊಂಡು ನಿಂತಿದ್ದಳು. ಆಮೇಲೆ ಅಜ್ಜಿಯ ಉಗುರು ಅಂಚಿನ ಮೇಲೆ ನಿಂತಿತು.

“ಇಲ್ಲೇನೋ ಐತಲ್ಲ. ಚಂದ್ರನೇನು? ಎರಡು ಯಾಕ ಅದಾವೆ?”

ಶಾಹಿಸ್ತಾ ಅದನ್ನು ಮೊದಲೇ ಯೋಚಿಸಿಟ್ಟುಕೊಂಡಿರಲಿಲ್ಲ. ಬಾಯಿಂದ ತಾನಾಗಿ ಬಂತು.

“ಒಂದು ಅಬ್ಬಂದು ಅಜ್ಜಿ. ಇನ್ನೊಂದು ನಂದು.”

ಹಂಪವ್ವ ಆಕೆಯ ಬಟ್ಟೆ ಸುತ್ತಿದ ಹೆಬ್ಬೆರಳನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲೇ ಇಲ್ಲ. ಆಮೇಲೆ ಊಟಕ್ಕೆ ಕೂರಿಸಿ, ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿದಳು.

ಸಂಜೆ ಮನೆಗೆ ಬಂದಾಗ ನಬೀ ಸಾಬರು ಕಟ್ಟೆಯ ಮೇಲೆ ಕೂತಿದ್ದರು. ತಿಕ್ಕದ ಅಚ್ಚು ಮಡಿಲಲ್ಲಿತ್ತು. ಆಕೆ ಇಲ್ಲದಾಗ ಸವರಿ ನೋಡಿದ್ದರು. “ಅವರು ಕೇಳ್ಲಿಲ್ಲೇನು, ಇದೇನು ಎರಡು ಅಂತ?” ಎಂದರು ತಲೆ ಎತ್ತದೆ.

“ಕೇಳಿದ್ರು. ಒಂದು ಅಬ್ಬಂದು, ಒಂದು ನಂದು ಅಂದೆ.”

ಅವರು ಹೊಳೆಯ ಕಡೆ ಮುಖ ತಿರುಗಿಸಿದರು. ಆಪರೇಷನ್ ಆದ ಕಣ್ಣಿನಿಂದ ನೀರು ಇಳಿಯಿತು. ಡಾಕ್ಟರು ಅಳಬಾರದೆಂದು ಹೇಳಿದ್ದರೆಂದು ಹಜೀರಾಬೀ ಒಳಗಿನಿಂದ ಗದರಿದಳು. ನಬೀ ಸಾಬರು ಒಳಜೇಬಿಗೆ ಕೈ ಹಾಕಿ ಮೊಹರು ತೆಗೆದು ಮಗಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.

“ಹಂಗಾದ್ರೆ ನಿನ್ನ ಚಂದ್ರ ನೀನೇ ಹೊಡ್ಕೋ” ಎಂದರು.

ಅಂದಿನಿಂದ ಶಾಹಿಸ್ತಾ ಕೆತ್ತಿದ ಪ್ರತಿ ಅಚ್ಚಿನ ಅಂಚಿನಲ್ಲೂ ಎರಡು ಚಂದ್ರ ಇರುತ್ತವೆ. ಮೊದಲನೆಯದನ್ನು ನೆಟ್ಟಗೆ ಹೊಡೆಯುತ್ತಾಳೆ. ಎರಡನೆಯದಕ್ಕೆ ಅಪ್ಪನನ್ನು ಕರೆದು ಮೊಹರು ಹಿಡಿಸಿ, ಅವರ ಕೈ ಹೇಗೆ ನಡುಗಿದರೆ ಹಾಗೆ ಬಿಡುತ್ತಾಳೆ.